ಅಮೃತಬಳ್ಳಿಯ ಕಷಾಯ ಕುಡಿದದ್ದಕ್ಕೇ ನನ್ನ ಯಕೃತ್ತು ಕೆಟ್ಟಿತೇ?

ಪ್ರಶ್ನೆ: ನಾನು ಅಂಕೋಲಾ ತಾಲೂಕಿನ ಹಳ್ಳಿಯೊಂದರ ಗೃಹಿಣಿ. ವಯಸ್ಸು 48. ಎಂಟು ವರ್ಷಗಳಿಂದ ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಸಕ್ಕರೆ ಗಡಿಯಲ್ಲಿದೆ, ಎರಡು ವರ್ಷದ ಹಿಂದಿನ ಸ್ಕ್ಯಾನಿಂಗ್‌ನಲ್ಲಿ ಯಕೃತ್ತಿನಲ್ಲಿ ಸ್ವಲ್ಪ ಕೊಬ್ಬಿದೆ ಎಂದಿದ್ದರು. ಮಂಡಿನೋವಿಗೂ ರೋಗನಿರೋಧಕ ಶಕ್ತಿಗೂ ಒಳ್ಳೆಯದೆಂದು ಶಿವರಾತ್ರಿಯ ಮರುದಿನದಿಂದ ಪ್ರತಿದಿನ ಖಾಲಿ ಹೊಟ್ಟೆಯಲ್ಲಿ ಅಮೃತಬಳ್ಳಿಯ ಕಷಾಯ ಕುಡಿಯತೊಡಗಿದೆ. ಬಳ್ಳಿ ನಮ್ಮ ಹಿತ್ತಿಲಿನದೇ, ತವರಿನಿಂದ ತುಂಡು ತಂದು ಮಾವಿನ ಮರಕ್ಕೆ ಹಬ್ಬಿಸಿದ್ದು. ಗೇಣುದ್ದದ ಕಾಂಡವನ್ನು ಜಜ್ಜಿ, ಎರಡು ಲೋಟ ನೀರು ಹಾಕಿ ಒಂದು ಲೋಟಕ್ಕೆ ಇಳಿಸುತ್ತಿದ್ದೆ. ಏಪ್ರಿಲ್‌ನಿಂದ ಅಂಗಡಿಯಲ್ಲಿ ಸಿಗುವ, ಅಮೃತಬಳ್ಳಿಯ ಸಾರದಿಂದ ಮಾಡಿದ ಘನವಟಿ ಗುಳಿಗೆಯನ್ನೂ ದಿನಕ್ಕೆ ಎರಡು ಬಾರಿ ಸೇರಿಸಿದೆ. ಮೇ ಮೊದಲ ವಾರ ಊಟ ಸೇರದಾಯಿತು, ಮೂತ್ರ ಕಡು ಹಳದಿಯಾಯಿತು, ಕಣ್ಣೂ ಹಳದಿಯಾಯಿತು. ಯಕೃತ್ತಿನ ರಕ್ತಪರೀಕ್ಷೆಯಲ್ಲಿ ಎಸ್‌ಜಿಪಿಟಿ 412, ಬಿಲಿರುಬಿನ್ 3.8, ಆಲ್ಕಲೈನ್ ಫಾಸ್ಫಟೇಸ್ 128. ಹೆಪಟೈಟಿಸ್ ಬಿ ಮತ್ತು ಸಿ ಇಲ್ಲ. ವೈದ್ಯರು ಕಷಾಯ, ಘನವಟಿ ಎರಡನ್ನೂ ಬಿಡಿಸಿದರು. ಮೂರು ವಾರದ ನಂತರ ಎಸ್‌ಜಿಪಿಟಿ 168ಕ್ಕೆ ಇಳಿದಿದೆ. ಆದರೆ ಊರಿನ ಹಿರಿಯ ನಾಟಿ ವೈದ್ಯರು, ಅಮೃತಬಳ್ಳಿ ಕಾಮಾಲೆಗೇ ಕೊಡುವ ಔಷಧ, ಅದರಿಂದ ಕಾಮಾಲೆ ಬರಲು ಸಾಧ್ಯವಿಲ್ಲ, ನಿನ್ನದು ಬೇರೆ ಬಳ್ಳಿಯಿರಬೇಕು ಎನ್ನುತ್ತಾರೆ. ಅದೇ ಕಷಾಯ ಕುಡಿದ ನನ್ನ ಅತ್ತೆಗೂ ತಂಗಿಗೂ ಏನೂ ಆಗಿಲ್ಲ. ಯಾರ ಮಾತು ನಿಜ? ಮುಂದೆ ಸ್ವಲ್ಪ ಪ್ರಮಾಣದಲ್ಲಿ ಮತ್ತೆ ಕುಡಿಯಬಹುದೇ? ಬಳ್ಳಿಯನ್ನು ಕಡಿದು ಹಾಕಬೇಕೇ? ಬಳ್ಳಿಯ ಮತ್ತು ಮಾತ್ರೆಯ ಡಬ್ಬಿಯ ಚಿತ್ರಗಳನ್ನು ಕಳುಹಿಸಿದ್ದೇನೆ.

ಉತ್ತರ: ನಿಮ್ಮ ಪತ್ರದಲ್ಲಿ ಯಕೃತ್ತಿನ ಚಿಂತೆಯ ಜೊತೆಗೆ ಇನ್ನೊಂದು ಸಂಕಟವೂ ಇದೆ ಎಂದು ನನಗೆ ತೋರುತ್ತದೆ. ವೈದ್ಯರ ಮಾತನ್ನು ಒಪ್ಪಿದರೆ ತವರಿನಿಂದ ತಂದು ನೆಟ್ಟ ಬಳ್ಳಿಗೂ, ಅದನ್ನು ನಂಬಿದ ಹಿರಿಯರಿಗೂ ಅಪವಾದ ಹೊರಿಸಿದಂತಾಗುತ್ತದೆ ಎಂಬ ಅಳುಕು ಅದು. ಆದ್ದರಿಂದ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಹಿತ್ತಿಲಿನ ಬಳ್ಳಿ ನಿಜವಾದ ಅಮೃತಬಳ್ಳಿಯೇ. ನಿಮ್ಮ ಯಕೃತ್ತಿಗೆ ಪೆಟ್ಟು ಬಿದ್ದದ್ದೂ ಬಹುತೇಕ ಅದರಿಂದಲೇ. ಈ ಎರಡು ಮಾತುಗಳು ಒಂದಕ್ಕೊಂದು ವಿರುದ್ಧವಲ್ಲ, ಮತ್ತು ಇವೆರಡನ್ನೂ ಒಟ್ಟಿಗೆ ಒಪ್ಪಿಕೊಳ್ಳುವುದು ಕಷ್ಟವಾಗುವುದರಿಂದಲೇ ಇಂತಹ ಪ್ರಕರಣಗಳಲ್ಲಿ ರೋಗಿಗಳು ತಿಂಗಳುಗಟ್ಟಲೆ ಕಾಲ ಕಳೆದುಕೊಳ್ಳುತ್ತಾರೆ.

ಮೊದಲು ಬಳ್ಳಿಯ ಗುರುತು. ನೀವು ಅಡ್ಡ ಕತ್ತರಿಸಿದ ಕಾಂಡದ ತುಂಡನ್ನು ಸ್ಟೀಲ್ ತಟ್ಟೆಯಲ್ಲಿಟ್ಟು, ಪಕ್ಕದಲ್ಲಿ ಒಂದು ರೂಪಾಯಿಯ ನಾಣ್ಯವನ್ನೂ ಇಟ್ಟು ಚಿತ್ರ ತೆಗೆದಿದ್ದೀರಿ. ಇಷ್ಟು ಅಚ್ಚುಕಟ್ಟಾದ ಚಿತ್ರ ನನಗೆ ಅಪರೂಪಕ್ಕೆ ಬರುತ್ತದೆ. ಕತ್ತರಿಸಿದ ಮುಖದಲ್ಲಿ ನಡುವಿನಿಂದ ಅಂಚಿನವರೆಗೆ ಎತ್ತಿನ ಗಾಡಿಯ ಚಕ್ರದ ಅರಗಳಂತೆ ಗೆರೆಗಳು ಹರಡಿವೆ. ಸಂಸ್ಕೃತದಲ್ಲಿ ಗುಡೂಚಿಗೆ, ಅಂದರೆ ಅಮೃತಬಳ್ಳಿಗೆ, ಚಕ್ರಲಕ್ಷಣಿಕಾ ಎಂಬ ಹೆಸರು ಬಂದದ್ದು ಇದರಿಂದಲೇ. ಹೊರಗಿನ ಬೂದುಕಂದು ಸಿಪ್ಪೆ ತೆಳು ಕಾಗದದಂತೆ ಎದ್ದಿದೆ, ನೀವು ಉಗುರಿನಿಂದ ಕೆರೆದ ಜಾಗದಲ್ಲಿ ಒಳಗಿನ ಹಸಿರು ಕಾಣುತ್ತಿದೆ. ಎಲೆ ಹೃದಯದ ಆಕಾರದ್ದು, ಎರಡೂ ಬದಿ ನುಣುಪು. ಕೊಂಬೆಯಿಂದ ನೂಲಿನಂತಹ ಬೇರುಗಳು ನೆಲದತ್ತ ಇಳಿದಿವೆ. ಇವೆಲ್ಲ ಒಟ್ಟಿಗೆ ಸೇರಿದಾಗ ಟಿನೋಸ್ಪೋರಾ ಕಾರ್ಡಿಫೋಲಿಯಾ, ಅಂದರೆ ಅಸಲಿ ಅಮೃತಬಳ್ಳಿ, ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಕಾರವಾರದ ಸಂತೆಯಲ್ಲಿ ಮರಾಠಿ ಮಾತಾಡುವವರು ಗುಳವೇಲ ಎಂದು ಮಾರುವುದೂ, ಜಾಹೀರಾತುಗಳಲ್ಲಿ ಗಿಲೋಯ್ ಎಂದು ಕಾಣುವುದೂ ಇದನ್ನೇ.

ನಾಟಿ ವೈದ್ಯರ ಅನುಮಾನವನ್ನು ನಾನು ಹಗುರವಾಗಿ ತೆಗೆದುಕೊಂಡಿಲ್ಲ. ನಮ್ಮ ಜಿಲ್ಲೆಯಲ್ಲಿ ಬಳ್ಳಿಗಳನ್ನು ಒಂದರ ಬದಲು ಇನ್ನೊಂದೆಂದು ತರುವುದು ನಡೆದೇ ಇದೆ, ಅದರಲ್ಲೂ ಹಿತ್ತಿಲು ಬಿಟ್ಟು ಕಾಡಿನಂಚಿನಿಂದ ತಂದಾಗ. ಇದೇ ಕುಟುಂಬಕ್ಕೆ ಸೇರಿದ ಇನ್ನೊಂದು ಟಿನೋಸ್ಪೋರಾ ನಮ್ಮ ಘಟ್ಟದ ಕಾಡುಗಳಲ್ಲಿದೆ. ಅದರ ಎಳೆಯ ಕಾಂಡದ ಮೇಲೂ ಎಲೆಯ ಅಡಿಯಲ್ಲೂ ಮೃದುವಾದ ರೋಮವಿರುತ್ತದೆ. ಬೆರಳಾಡಿಸಿದರೆ ತಿಳಿಯುತ್ತದೆ. ಅದಕ್ಕಿಂತ ಅಪಾಯಕಾರಿಯಾದದ್ದು ಕಾಕಮಾರಿ. ಎಲೆ ದೂರದಿಂದ ಅಮೃತಬಳ್ಳಿಯದರಂತೆಯೇ ಕಂಡರೂ, ಹಿಂಬದಿಯಲ್ಲಿ ನರಗಳು ಕವಲೊಡೆಯುವ ಮೂಲೆಗಳಲ್ಲಿ ಸಣ್ಣ ರೋಮದ ಕುಚ್ಚುಗಳಿರುತ್ತವೆ. ಬಲಿತ ಕಾಂಡದ ತೊಗಟೆ ದಪ್ಪವಾಗಿ ಬೆಂಡಿನಂತೆ ಇರುತ್ತದೆ. ಹೊಳೆಯಲ್ಲಿ ಮೀನಿಗೆ ಅಮಲು ಬರಿಸಲು ಹಿಂದೆ ಇದರ ಕಾಯಿಯನ್ನು ಬಳಸುತ್ತಿದ್ದರು. ಅದರಲ್ಲಿರುವ ಪಿಕ್ರೋಟಾಕ್ಸಿನ್ ಮನುಷ್ಯರಿಗೆ ಅಪಸ್ಮಾರದಂತಹ ಸೆಳೆತ ತರಬಲ್ಲದು. ಆದರೆ ಅದು ನರಮಂಡಲದ ವಿಷ. ನಿಮ್ಮಲ್ಲಿ ಕಂಡದ್ದು ಎರಡು ತಿಂಗಳ ಮೇಲೆ ನಿಧಾನವಾಗಿ ಬಂದ ಯಕೃತ್ತಿನ ಉರಿಯೂತ, ಅದರ ಚಹರೆಯೇ ಬೇರೆ. ಮೂತ್ರಪಿಂಡವನ್ನು ಕೆಡಿಸುವ ಈಶ್ವರಬಳ್ಳಿಯ ವಿಷಯವೂ ಹಾಗೆಯೇ, ಇಲ್ಲಿ ಅದಕ್ಕೆ ಎಡೆಯಿಲ್ಲ.

ಇನ್ನು ಪತ್ರಿಕೆಗಳಲ್ಲಿ ಬಂದ ಟಿನೋಸ್ಪೋರಾ ಕ್ರಿಸ್ಪಾದ ಮಾತು. ಅಮೃತಬಳ್ಳಿಯಿಂದ ಯಕೃತ್ತಿಗೆ ಹಾನಿಯಾಗುತ್ತದೆಂಬ ವರದಿಗಳು ಬಂದಾಗ ಕೇಂದ್ರದ ಆಯುಷ್ ಸಚಿವಾಲಯವು, ಗುಡೂಚಿ ಸುರಕ್ಷಿತ, ಆದರೆ ನೋಡಲು ಅದರಂತೆಯೇ ಇರುವ ಕ್ರಿಸ್ಪಾ ಹಾನಿಕರವಾಗಿರಬಹುದು ಎಂದು 2022ರಲ್ಲಿ ಸ್ಪಷ್ಟನೆ ನೀಡಿತು. ಕ್ರಿಸ್ಪಾದ ಕಾಂಡದ ಮೇಲೆ ಹಾಗಲಕಾಯಿಯ ಮೈಯಂತೆ ಎದ್ದು ಕಾಣುವ ಗಂಟುಗಳಿರುತ್ತವೆ, ಕತ್ತರಿಸಿದರೆ ಹಾಲಿನಂತಹ ರಸ ಬರುತ್ತದೆ, ಹಣ್ಣು ಉದ್ದನೆಯದು ಮತ್ತು ಕಿತ್ತಳೆ ಬಣ್ಣದ್ದು. ಅಮೃತಬಳ್ಳಿಯ ಹಣ್ಣು ಬಟಾಣಿಯಂತೆ ದುಂಡಗೆ, ಕೆಂಪಗೆ ಇರುತ್ತದೆ. ಕ್ರಿಸ್ಪಾದ ಸಹಜ ನೆಲೆ ಈಶಾನ್ಯ ಭಾರತ ಮತ್ತು ಆಗ್ನೇಯ ಏಷ್ಯಾ. ನಮ್ಮ ಘಟ್ಟದ ಬಳ್ಳಿ ಅದಲ್ಲ. ಒಂದು ಎಚ್ಚರಿಕೆ ಮಾತ್ರ ಹೇಳಬೇಕು. ಅಸಲಿ ಅಮೃತಬಳ್ಳಿಯ ಹಳೆಯ ಕಾಂಡದ ಮೇಲೂ ಬಿಳಿಯ ಸಣ್ಣ ಚುಕ್ಕೆಯಂತಹ ಉಬ್ಬುಗಳಿರುತ್ತವೆ, ಅವು ಗಾಳಿಯಾಡುವ ರಂಧ್ರಗಳು. ಅವನ್ನು ನೋಡಿ ಗಾಬರಿಯಾಗಿ ನನ್ನ ಬಳಿ ತುಂಡು ಹಿಡಿದು ಬಂದವರು ಹಲವರಿದ್ದಾರೆ.

ಹೀಗಾಗಿ 'ಬೇರೆ ಬಳ್ಳಿಯಿರಬೇಕು' ಎಂಬ ವಾದ ನಿಮ್ಮ ಹಿತ್ತಿಲಿನ ಮಟ್ಟಿಗೆ ನಿಲ್ಲುವುದಿಲ್ಲ. ಡಬ್ಬಿಯಲ್ಲಿನ ಮಾತ್ರೆಯ ಬಗ್ಗೆ ನಾನು ಅಷ್ಟು ಖಚಿತವಾಗಿ ಹೇಳಲಾರೆ. ಪುಡಿಯಾದ ಮೇಲೆ, ಸಾರ ತೆಗೆದು ಗುಳಿಗೆ ಮಾಡಿದ ಮೇಲೆ, ಚಕ್ರವೂ ಇಲ್ಲ ರೋಮವೂ ಇಲ್ಲ. ಒಳಗಿರುವುದು ಏನೆಂದು ಪ್ರಯೋಗಾಲಯವೇ ಹೇಳಬೇಕು. ನೀವು ಕಳುಹಿಸಿದ ಚಿತ್ರದಲ್ಲಿ ಬ್ಯಾಚ್ ಸಂಖ್ಯೆ ಇದೆ, ಆದರೆ ಒಂದು ಗುಳಿಗೆ ಎಷ್ಟು ಗ್ರಾಂ ಕಾಂಡಕ್ಕೆ ಸಮ ಎಂಬುದು ಎಲ್ಲಿಯೂ ಇಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಅಸಲಿ ಬಳ್ಳಿಯಾದರೆ ಹಾನಿಯಿಲ್ಲ ಎಂಬ ನಂಬಿಕೆ ತಪ್ಪು. ಕೋವಿಡ್ ಕಾಲದಲ್ಲಿ ದೇಶದಾದ್ಯಂತ ಜನರು ಅಮೃತಬಳ್ಳಿಯನ್ನು ಎಂದೂ ಇಲ್ಲದ ಪ್ರಮಾಣದಲ್ಲಿ ಸೇವಿಸಿದರು. ಮುಂಬೈನ ಯಕೃತ್ತಿನ ತಜ್ಞರು ಅಮೃತಬಳ್ಳಿ ಸೇವಿಸಿದ ನಂತರ ಉರಿಯೂತಕ್ಕೆ ಒಳಗಾದ 6 ರೋಗಿಗಳ ವಿವರವನ್ನು 2021ರಲ್ಲಿ ಪ್ರಕಟಿಸಿದರು. ಮರುವರ್ಷ ದೇಶದ 13 ಕೇಂದ್ರಗಳ ವೈದ್ಯರು ಸೇರಿ 43 ರೋಗಿಗಳನ್ನು ಪರಿಶೀಲಿಸಿದ ಅಧ್ಯಯನ ಬಂತು. ಸೇವನೆ ಆರಂಭಿಸಿದ ದಿನದಿಂದ ಲಕ್ಷಣ ಕಾಣಿಸಿಕೊಳ್ಳುವವರೆಗಿನ ಅವಧಿ ಅವರಲ್ಲಿ ಮಧ್ಯಮ ಲೆಕ್ಕಕ್ಕೆ 46 ದಿನ, ಅಂದರೆ ಸುಮಾರು ಅರ್ಧದಷ್ಟು ಜನರಿಗೆ ಅದಕ್ಕಿಂತ ಹೆಚ್ಚು. ಅರ್ಧಕ್ಕಿಂತ ಹೆಚ್ಚಿನವರು ಮಹಿಳೆಯರು. ಅಂಗಾಂಶ ಪರೀಕ್ಷೆ ಮಾಡಿದವರಲ್ಲಿ ಹೆಚ್ಚಾಗಿ ಕಂಡದ್ದು, ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಯಕೃತ್ತಿನ ಮೇಲೆ ತಿರುಗಿ ಬಿದ್ದಾಗ ಕಾಣುವಂತಹ ಚಿತ್ರ. ಮೊದಲೇ ಯಕೃತ್ತಿನ ದೀರ್ಘಕಾಲದ ರೋಗವಿದ್ದವರ ಪರಿಣಾಮ ಕೆಟ್ಟದಾಗಿತ್ತು, ಸಾವುಗಳೂ ಸಂಭವಿಸಿದವು. ಶಿವರಾತ್ರಿಯಿಂದ ಮೇ ಮೊದಲ ವಾರದವರೆಗೆ ನಿಮ್ಮ ಲೆಕ್ಕ ಹತ್ತು ವಾರದ ಆಸುಪಾಸು. ಇದು ಆ ಅಧ್ಯಯನದ ಚೌಕಟ್ಟಿನೊಳಗೇ ಕೂರುತ್ತದೆ.

ಈ ಅಧ್ಯಯನಗಳ ಮಿತಿಯನ್ನೂ ಹೇಳಬೇಕು. ಇವೆಲ್ಲ ಕಾಯಿಲೆಯಾಗಿ ಆಸ್ಪತ್ರೆಗೆ ಬಂದವರ ಲೆಕ್ಕ. ಕುಡಿದು ಏನೂ ಆಗದವರ ಸಂಖ್ಯೆ ಅದರಲ್ಲಿಲ್ಲ, ಮತ್ತು ಅಂತಹವರು ಬಹಳ, ಬಹಳ ಹೆಚ್ಚು. ಆದ್ದರಿಂದ ಅಮೃತಬಳ್ಳಿ ಎಲ್ಲರಿಗೂ ವಿಷ ಎಂದು ಯಾರಾದರೂ ಹೇಳಿದರೆ ಅದೂ ಸುಳ್ಳೇ. ನಡೆಯುವುದು ಅಪರೂಪಕ್ಕೆ, ಕೆಲವರಲ್ಲಿ ಮಾತ್ರ. ಆ ಕೆಲವರು ಯಾರೆಂದು ಮುಂಚಿತವಾಗಿ ಹೇಳಲು ಯಾವ ಪರೀಕ್ಷೆಯೂ ಇಲ್ಲ, ಸುಳಿವುಗಳಷ್ಟೇ ಇವೆ.

ಕಾರಣ ಹೀಗೆ. ಅಮೃತಬಳ್ಳಿಯಲ್ಲಿರುವ ಕೆಲವು ಪಾಲಿಸ್ಯಾಕರೈಡ್‌ಗಳು, ಅಂದರೆ ಸಂಕೀರ್ಣ ಸಕ್ಕರೆಗಳು, ದೇಹದ ರಕ್ಷಣಾಕೋಶಗಳನ್ನು ಕೆರಳಿಸುತ್ತವೆ. ರೋಗನಿರೋಧಕ ಶಕ್ತಿ ಹೆಚ್ಚುತ್ತದೆ ಎಂಬ ಜನಪ್ರಿಯ ಮಾತಿಗೆ ಪ್ರಯೋಗಾಲಯದಲ್ಲಿ ಸಿಗುವ ಆಧಾರ ಇದೇ. ಆದರೆ ನಿರೋಧಕ ಶಕ್ತಿ ಎಂಬುದು ಬ್ಯಾಂಕಿನ ಉಳಿತಾಯದಂತೆ ಹೆಚ್ಚಾದಷ್ಟೂ ಒಳ್ಳೆಯದೆನ್ನುವ ವಸ್ತುವಲ್ಲ. ಥೈರಾಯ್ಡ್ ಗ್ರಂಥಿಯ ಕೊರತೆ ನಡುವಯಸ್ಸಿನ ಮಹಿಳೆಯರಲ್ಲಿ ಬಹುಪಾಲು ಬರುವುದೇ ದೇಹದ ರಕ್ಷಣಾ ವ್ಯವಸ್ಥೆ ಆ ಗ್ರಂಥಿಯ ಮೇಲೆ ದಾಳಿ ಮಾಡುವುದರಿಂದ. ನೀವು ಎಂಟು ವರ್ಷದಿಂದ ನುಂಗುತ್ತಿರುವ ಮಾತ್ರೆ ಆ ಹಳೆಯ ದಾಳಿಯ ಪರಿಹಾರ. ಒಮ್ಮೆ ತನ್ನ ಮನೆಯವರನ್ನೇ ಕಚ್ಚಿದ ನಾಯಿಯನ್ನು ಮತ್ತೆ ಕೆರಳಿಸಿದರೆ ಅದು ಬಾಗಿಲಿನ ಕಳ್ಳನನ್ನೇ ಹುಡುಕಿ ಕಚ್ಚುತ್ತದೆಂಬ ಭರವಸೆಯಿಲ್ಲ. ಎರಡನೆಯ ದಾರಿ ರಾಸಾಯನಿಕದ್ದು. ಈ ಕುಲದ ಬಳ್ಳಿಗಳ ಕಹಿಗೆ ಕಾರಣವಾದ ಕೊಲಂಬಿನ್‌ನಂತಹ, ಡೈಟರ್ಪೀನ್ ಎಂಬ ಬಗೆಯ ಸಂಯುಕ್ತಗಳನ್ನು ಯಕೃತ್ತು ಒಡೆಯುವಾಗ ಹುಟ್ಟುವ ಮಧ್ಯಂತರ ವಸ್ತುಗಳು ಕೆಲವೊಮ್ಮೆ ಜೀವಕೋಶದ ಪ್ರೋಟೀನ್‌ಗಳಿಗೆ ಅಂಟಿಕೊಂಡು ಅವುಗಳನ್ನು ಕೆಡಿಸುತ್ತವೆ. ಫ್ರಾನ್ಸ್‌ನಲ್ಲಿ ತೂಕ ಇಳಿಸಲು ಬಳಸುತ್ತಿದ್ದ ಜರ್ಮಾಂಡರ್ ಎಂಬ ಗಿಡವನ್ನು 1992ರಲ್ಲಿ ಮಾರುಕಟ್ಟೆಯಿಂದ ತೆಗೆದದ್ದು ಇದೇ ಬಗೆಯ ಸಂಯುಕ್ತಗಳಿಂದಾದ ಯಕೃತ್ತಿನ ಹಾನಿಗಾಗಿ. ಅದೂ ಶತಮಾನಗಳಿಂದ ಬಳಕೆಯಲ್ಲಿದ್ದ ಗಿಡವೇ.

ನಿಮ್ಮ ರಕ್ತಪರೀಕ್ಷೆಯೂ ಇದನ್ನೇ ಹೇಳುತ್ತದೆ. ಯಕೃತ್ತಿನ ಜೀವಕೋಶ ಒಡೆದಾಗ ರಕ್ತಕ್ಕೆ ಸೋರುವ ಕಿಣ್ವವಾದ ಎಸ್‌ಜಿಪಿಟಿ ಸಾಮಾನ್ಯ ಮಿತಿಯ ಹತ್ತು ಪಟ್ಟು ಏರಿದೆ, ಆದರೆ ಪಿತ್ತನಾಳ ಕಟ್ಟಿದಾಗ ಏರುವ ಆಲ್ಕಲೈನ್ ಫಾಸ್ಫಟೇಸ್ ಹೆಚ್ಚು ಕಡಿಮೆ ಮಿತಿಯಲ್ಲೇ ಇದೆ. ಇದರರ್ಥ ಪಿತ್ತನಾಳ ಕಟ್ಟಿಕೊಂಡಿಲ್ಲ, ಯಕೃತ್ತಿನ ಜೀವಕೋಶಗಳೇ ಒಡೆಯುತ್ತಿವೆ. ಬಿಟ್ಟ ಮೂರು ವಾರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇಳಿದದ್ದು ಬಲವಾದ ಸಾಕ್ಷ್ಯ. ಔಷಧಿಯೇ ಕಾರಣವೋ ಅಲ್ಲವೋ ಎಂದು ಅಳೆಯುವ ಅಂತರರಾಷ್ಟ್ರೀಯ ಅಂಕಪಟ್ಟಿಯಲ್ಲಿ, ಬಿಟ್ಟ 30 ದಿನದೊಳಗೆ ಅರ್ಧದಷ್ಟು ಇಳಿಕೆಗೆ ವಿಶೇಷ ಅಂಕವಿದೆ. ಆದರೂ ಒಂದು ಸಂಖ್ಯೆ ನನ್ನನ್ನು ಕಾಡುತ್ತದೆ. ಎಸ್‌ಜಿಪಿಟಿ ಮೂರು ಪಟ್ಟಿಗೂ ಬಿಲಿರುಬಿನ್ ಎರಡು ಪಟ್ಟಿಗೂ ಮೀರಿ ಏರಿದವರಲ್ಲಿ, ಕಾರಣ ಯಾವುದೇ ಔಷಧವಾಗಿರಲಿ, ಸುಮಾರು 10ರಲ್ಲಿ ಒಬ್ಬರಿಗೆ ಪ್ರಾಣಾಪಾಯ ಅಥವಾ ಯಕೃತ್ತಿನ ಕಸಿಯ ಅಗತ್ಯ ಬರಬಹುದೆಂಬುದು ವೈದ್ಯಕೀಯದ ಹಳೆಯ ಅನುಭವ. ನಿಮ್ಮ ಮೊದಲ ಪರೀಕ್ಷೆ ಈ ಗಡಿಯನ್ನು ದಾಟಿತ್ತು. ನೀವೀಗ ಇಳಿಮುಖದಲ್ಲಿದ್ದೀರಿ ಎಂಬುದು ನೆಮ್ಮದಿಯ ಮಾತು, ಆದರೆ ನಿಮ್ಮ ವೈದ್ಯರು ತಕ್ಷಣ ಬಿಡಿಸಿದ್ದು ಅತಿಯಾದ ಎಚ್ಚರಿಕೆಯಲ್ಲ.

ಕಾಮಾಲೆಗೇ ಕೊಡುವ ಔಷಧದಿಂದ ಕಾಮಾಲೆ ಹೇಗೆ ಬರುತ್ತದೆ ಎಂಬ ಪ್ರಶ್ನೆಯನ್ನು ತಳ್ಳಿಹಾಕಲಾಗದು, ಏಕೆಂದರೆ ನಾಟಿ ವೈದ್ಯರು ಹೇಳಿದ್ದು ಶಾಸ್ತ್ರದಲ್ಲಿದೆ. ಚರಕಸಂಹಿತೆಯಲ್ಲಿ ಕಾಮಾಲೆಗೆ ಗುಡೂಚಿಯ ರಸವನ್ನು ಜೇನಿನೊಡನೆ ಕೊಡುವ ವಿಧಿಯಿದೆ. ಆದರೆ ಕಾಮಾಲೆ ಒಂದು ರೋಗವಲ್ಲ, ಹಲವು ರೋಗಗಳ ಒಂದು ಬಣ್ಣ. ನಮ್ಮ ಕರಾವಳಿಯಲ್ಲಿ ಕಲುಷಿತ ನೀರಿನಿಂದ ಬರುವ ಹೆಪಟೈಟಿಸ್ ಎ ಮತ್ತು ಇ ಬಹುಪಾಲು ಜನರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಆ ವಾರಗಳಲ್ಲಿ ಯಾವ ಬೇರು ಕೊಟ್ಟರೂ ಗುಣವಾದ ಕೀರ್ತಿ ಬೇರಿಗೆ ಸಲ್ಲುತ್ತದೆ. ನಾನು ವ್ಯಂಗ್ಯಕ್ಕೆ ಹೇಳುತ್ತಿಲ್ಲ, ನಮ್ಮ ಅಲೋಪತಿಯ ಎಷ್ಟೋ ಟಾನಿಕ್‌ಗಳಿಗೂ ಕೀರ್ತಿ ಬಂದದ್ದು ಹೀಗೆಯೇ. ಇನ್ನೊಂದು ವ್ಯತ್ಯಾಸ ಅವಧಿಯದು. ನಾನು ಬಲ್ಲ ಹಾಲಕ್ಕಿ ಒಕ್ಕಲಿಗರ ನಾಟಿ ವೈದ್ಯರಾಗಲಿ, ನಮ್ಮ ಶಿರಸಿ ಕಡೆಯ ಹವ್ಯಕ ಮನೆಗಳ ಅಜ್ಜಿಯರಾಗಲಿ ಜ್ವರ ಬಂದಾಗ ಮೂರು ದಿನ, ಐದು ದಿನ, ಹೆಚ್ಚೆಂದರೆ ಏಳು ದಿನ ಕೊಟ್ಟು ನಿಲ್ಲಿಸುತ್ತಿದ್ದರು. ಆಯುಷ್ ಸಚಿವಾಲಯ 2020ರ ಅಕ್ಟೋಬರ್‌ನಲ್ಲಿ ಕೋವಿಡ್‌ಗೆ ಹೊರಡಿಸಿದ ಮಾರ್ಗಸೂಚಿಯಲ್ಲೂ ಗುಡೂಚಿ ಘನವಟಿಗೆ 15 ದಿನ ಅಥವಾ ಒಂದು ತಿಂಗಳು ಎಂಬ ಮಿತಿಯಿತ್ತು. ಆಯುರ್ವೇದ ಔಷಧಕೋಶ ಕಷಾಯಕ್ಕೆ ಹೇಳುವ ಪ್ರಮಾಣ ದಿನಕ್ಕೆ 20ರಿಂದ 30 ಗ್ರಾಂ ಕಾಂಡ. ನಿಮ್ಮ ಗೇಣುದ್ದದ ತುಂಡು ಅದರ ಆಸುಪಾಸಿನಲ್ಲೇ ಇರಬಹುದು, ಆದರೆ ಅದರ ಮೇಲೆ ಘನವಟಿ, ಅದರ ಮೇಲೆ ಎರಡೂವರೆ ತಿಂಗಳು. ಚಹಾದಂತೆ ನಿತ್ಯ, ಮಿತಿಯಿಲ್ಲದೆ ಕುಡಿಯುವ ಈ ಪದ್ಧತಿ ಅಜ್ಜಿಯದಲ್ಲ, ಮೊಬೈಲಿನದು.

ಬೇವಿನ ಮರಕ್ಕೆ ಹಬ್ಬಿದ ಬಳ್ಳಿಯಾಗಿದ್ದರೆ ಹೀಗಾಗುತ್ತಿರಲಿಲ್ಲ ಎಂದೂ ಯಾರೋ ನಿಮಗೆ ಹೇಳಿರಬಹುದು. ಬೇವಿನ ಮೇಲಿನದು ಶ್ರೇಷ್ಠ ಎಂಬ ಮಾತು ಹಳೆಯದೇ, ಆದರೆ ಅದು ಯಕೃತ್ತಿಗೆ ರಕ್ಷಣೆ ಕೊಡುತ್ತದೆ ಎನ್ನಲು ಆಧಾರವಿಲ್ಲ.

ಅತ್ತೆಗೂ ತಂಗಿಗೂ ಏನೂ ಆಗದಿರುವುದು ಬಳ್ಳಿಯನ್ನು ನಿರ್ದೋಷಿ ಎಂದು ಸಾಬೀತು ಮಾಡುವುದಿಲ್ಲ. ಒಂದೇ ಪಂಕ್ತಿಯಲ್ಲಿ ಕುಳಿತು ಸಿಗಡಿ ತಿಂದ ಹತ್ತು ಜನರಲ್ಲಿ ಒಬ್ಬರಿಗೆ ಮಾತ್ರ ಮೈಯೆಲ್ಲ ದದ್ದು ಏಳುವುದನ್ನು ಕರಾವಳಿಯವರಿಗೆ ವಿವರಿಸಬೇಕಾಗಿಲ್ಲ. ನಿಮ್ಮಲ್ಲಿ ಥೈರಾಯ್ಡ್ ಇತ್ತು, ಯಕೃತ್ತಿನಲ್ಲಿ ಕೊಬ್ಬಿತ್ತು, ಕಷಾಯದ ಜೊತೆ ಮಾತ್ರೆಯೂ ಸೇರಿತ್ತು.

ಆದರೂ ತೀರ್ಮಾನ ಪೂರ್ತಿಯಾಗಿಲ್ಲ. ನಿಮ್ಮ ಪರೀಕ್ಷೆಗಳ ಪಟ್ಟಿಯಲ್ಲಿ ಹೆಪಟೈಟಿಸ್ ಎ ಮತ್ತು ಇ ಕಾಣಲಿಲ್ಲ. ಮಳೆಗಾಲ ಶುರುವಾಗಿದೆ, ಗದ್ದೆಗೆ ಇಳಿಯುವವರಾದರೆ ಇಲಿಜ್ವರವನ್ನೂ ಮರೆಯಬಾರದು. ಅದರಲ್ಲಿ ಸಾಮಾನ್ಯವಾಗಿ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಮೊದಲು ಬರುತ್ತದೆ, ನಿಮ್ಮ ಪತ್ರದಲ್ಲಿ ಅವು ಇಲ್ಲ. ಇವುಗಳಿಗಿಂತ ಮುಖ್ಯವಾಗಿ ಎಎನ್‌ಎ, ನಯವಾದ ಸ್ನಾಯುವಿನ ವಿರುದ್ಧದ ಪ್ರತಿಕಾಯ, ಐಜಿಜಿ ಈ ಮೂರು ರಕ್ತಪರೀಕ್ಷೆಗಳು ಆಗಬೇಕು. ರಕ್ಷಣಾ ವ್ಯವಸ್ಥೆ ಯಕೃತ್ತಿನ ಮೇಲೆ ತಿರುಗಿದೆಯೇ ಎಂಬ ಸುಳಿವು ಇವುಗಳಲ್ಲಿ ಸಿಗುತ್ತದೆ. ಅಮೃತಬಳ್ಳಿ ಕೆಲವರಲ್ಲಿ ಮೊದಲೇ ಸದ್ದಿಲ್ಲದೆ ಕೂತಿದ್ದ ಆಟೋಇಮ್ಯೂನ್ ಹೆಪಟೈಟಿಸ್, ಅಂದರೆ ದೇಹವೇ ತನ್ನ ಯಕೃತ್ತಿನ ಮೇಲೆ ದಾಳಿ ಮಾಡುವ ರೋಗವನ್ನು ಎಬ್ಬಿಸಿರಬಹುದು, ಹಾಗಾದರೆ ಬಳ್ಳಿ ಬಿಟ್ಟ ಮಾತ್ರಕ್ಕೆ ಅದು ಹೋಗುವುದಿಲ್ಲ.

ಮುಂದಿನ ದಾರಿ ಈ ಫಲಿತಾಂಶಗಳ ಮೇಲೆ ನಿಂತಿದೆ. ಎಸ್‌ಜಿಪಿಟಿ ಹೀಗೆಯೇ ಇಳಿಯುತ್ತಾ ಐಜಿಜಿ ಸಾಮಾನ್ಯವಾಗಿದ್ದರೆ ಏನೂ ಮಾಡದೆ ಕಾಯುವುದೇ ಚಿಕಿತ್ಸೆ. ಬಿಲಿರುಬಿನ್ ಸರಿಯಾಗುವವರೆಗೆ ವಾರಕ್ಕೊಮ್ಮೆ, ನಂತರ ಎರಡು ಮೂರು ವಾರಕ್ಕೊಮ್ಮೆ ರಕ್ತಪರೀಕ್ಷೆ, ಜೊತೆಗೆ ರಕ್ತ ಹೆಪ್ಪುಗಟ್ಟುವ ಐಎನ್‌ಆರ್. ಪೂರ್ತಿ ಮಿತಿಗೆ ಬರಲು ಎರಡು ಮೂರು ತಿಂಗಳು ಹಿಡಿದರೂ ಗಾಬರಿಯಿಲ್ಲ. ಈ ದಾರಿಯ ಅಪಾಯವೆಂದರೆ ಕಣ್ಣಿನ ಹಳದಿ ಹೋದೊಡನೆ ನಾವೆಲ್ಲ ಪರೀಕ್ಷೆ ನಿಲ್ಲಿಸಿಬಿಡುವುದು. ಇಳಿಕೆ ನಿಂತರೆ, ಮತ್ತೆ ಏರಿದರೆ, ಅಥವಾ ಐಜಿಜಿ ಹೆಚ್ಚಿದ್ದರೆ ಯಕೃತ್ತಿನ ಸಣ್ಣ ತುಣುಕು ತೆಗೆದು ನೋಡಬೇಕಾಗಬಹುದು. ಸೂಜಿಯಿಂದ ಮಾಡುವ ಈ ಪರೀಕ್ಷೆಯಲ್ಲಿ ರಕ್ತಸ್ರಾವದ ಅಪಾಯ ಸಣ್ಣದು, ಆದರೆ ಇಲ್ಲವೇ ಇಲ್ಲವೆಂದಲ್ಲ. ಅದಕ್ಕಾಗಿ ನೀವು ಹುಬ್ಬಳ್ಳಿಗೋ ಮಣಿಪಾಲಕ್ಕೋ ಗೋವಾಕ್ಕೋ ಹೋಗಬೇಕಾದೀತು. ಉರಿಯೂತ ಆಟೋಇಮ್ಯೂನ್ ಬಗೆಯದೆಂದು ಖಚಿತವಾದರೆ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಕೊಡುತ್ತಾರೆ. ಅದು ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಗಡಿಯಲ್ಲಿರುವ ನಿಮ್ಮ ಸಕ್ಕರೆಯನ್ನು ಗಡಿ ದಾಟಿಸಬಲ್ಲದು, ಮೂಳೆ ಸವೆಸಬಲ್ಲದು, ಮಲಗಿದ್ದ ಕ್ಷಯವನ್ನು ಎಬ್ಬಿಸಬಲ್ಲದು. ಆದ್ದರಿಂದ ಅಂದಾಜಿನ ಮೇಲೆ ಶುರು ಮಾಡಬಾರದು, ಶುರು ಮಾಡಿದ ಮೇಲೆ ಸ್ವಂತ ಬುದ್ಧಿಯಿಂದ ನಿಲ್ಲಿಸಲೂಬಾರದು. ಮಾತ್ರೆ ನಿಧಾನವಾಗಿ ಬಿಟ್ಟ ನಂತರವೂ ಯಕೃತ್ತು ಶಾಂತವಾಗಿಯೇ ಉಳಿದರೆ ಅದು ಬಳ್ಳಿಯಿಂದಾದ ತಾತ್ಕಾಲಿಕ ಕೆರಳಿಕೆ, ಮರುಕಳಿಸಿದರೆ ನಿಜವಾದ ಆಟೋಇಮ್ಯೂನ್ ರೋಗ ಎಂದು ತಿಳಿಯುವುದು ಆಗಲೇ.

ಈ ನಡುವೆ ಹಗಲು ನಿದ್ದೆ ರಾತ್ರಿ ಎಚ್ಚರವಾದರೆ, ಮಾತು ತೊದಲಿದರೆ, ವಸಡಿನಿಂದ ರಕ್ತ ಬಂದರೆ, ನಿಲ್ಲದ ವಾಂತಿಯಾದರೆ ಮರುದಿನದವರೆಗೆ ಕಾಯದೆ ಆಸ್ಪತ್ರೆಗೆ ಹೋಗಿ. ಕಾಮಾಲೆಗೆಂದು ಇನ್ನೊಂದು ಬೇರನ್ನೋ ನೆಲನೆಲ್ಲಿಯನ್ನೋ ಸೇರಿಸಬೇಡಿ. ಅವು ಕೆಟ್ಟವೆಂದಲ್ಲ, ಮುಂದೆ ಎಸ್‌ಜಿಪಿಟಿ ಏರಿದರೆ ಯಾವುದರಿಂದ ಎಂದು ಯಾರಿಗೂ ತಿಳಿಯದಂತಾಗುತ್ತದೆ. ಎಣ್ಣೆ, ಉಪ್ಪು, ಮೀನು ಎಲ್ಲ ಬಿಟ್ಟು ಬರೀ ಗಂಜಿಯ ಪಥ್ಯ ಮಾಡುವ ಅಗತ್ಯವೂ ಇಲ್ಲ. ಮನೆಯ ಊಟ ಸೇರುವಷ್ಟು ಉಣ್ಣಿ, ಯಕೃತ್ತು ಗಾಯ ಮಾಯಿಸಿಕೊಳ್ಳಲು ಪ್ರೋಟೀನ್ ಬೇಕು. ಥೈರಾಯ್ಡ್ ಮಾತ್ರೆಯನ್ನು ಬಿಡಬೇಡಿ. ಮಂಡಿನೋವಿಗೆ ಅಂಗಡಿಯಿಂದ ನೋವಿನ ಗುಳಿಗೆ ತಂದು ನುಂಗಬೇಡಿ. ಜ್ವರಕ್ಕೋ ನೋವಿಗೋ ಪ್ಯಾರಾಸಿಟಮಾಲ್ ತೀರಾ ಬೇಕಾದರೆ ದಿನಕ್ಕೆ 2 ಗ್ರಾಂ ಮೀರದಂತೆ, ಅದೂ ನಿಮ್ಮ ವೈದ್ಯರನ್ನು ಕೇಳಿ.

ಮತ್ತೆ ಸ್ವಲ್ಪ ಕುಡಿಯಬಹುದೇ ಎಂಬ ಪ್ರಶ್ನೆಗೆ ನನ್ನ ಉತ್ತರ ಒಂದೇ: ಇಲ್ಲ. ಅರ್ಧ ಲೋಟವೂ ಇಲ್ಲ, ತಂಬುಳಿಯಲ್ಲಿ ನಾಲ್ಕು ಎಲೆಯೂ ಇಲ್ಲ. ಇಂತಹ ಹಾನಿ ಪ್ರಮಾಣವನ್ನಷ್ಟೇ ಅವಲಂಬಿಸಿಲ್ಲ. ರಕ್ಷಣಾ ವ್ಯವಸ್ಥೆ ಒಮ್ಮೆ ಗುರುತಿಟ್ಟುಕೊಂಡರೆ ಎರಡನೆಯ ಸಲ ಕಡಿಮೆ ಪ್ರಮಾಣಕ್ಕೂ ಬೇಗನೆ ಮತ್ತು ಜೋರಾಗಿ ತಿರುಗಿಬೀಳಬಹುದು. ಹಲವು ಆಯುರ್ವೇದ ಯೋಗಗಳಲ್ಲಿ ಗುಡೂಚಿ, ಅಮೃತಾ, ಗಿಲೋಯ್ ಎಂಬ ಹೆಸರುಗಳಲ್ಲಿ ಇದು ಸೇರಿರುತ್ತದೆ. ಅಮೃತಾರಿಷ್ಟದಂತಹ ಹೆಸರಿದ್ದರೆ ಸುಲಭವಾಗಿ ತಿಳಿಯುತ್ತದೆ, ಇಲ್ಲದಿದ್ದಾಗ ಪಟ್ಟಿಯನ್ನು ಓದಬೇಕು. ನಿಮ್ಮ ಚೀಟಿಯ ಮೇಲೆ ಇದನ್ನು ದೊಡ್ಡದಾಗಿ ಬರೆಸಿಕೊಂಡು ಆಯುರ್ವೇದ ವೈದ್ಯರಿಗೂ ತೋರಿಸಿ. ಒಳ್ಳೆಯ ಆಯುರ್ವೇದ ವೈದ್ಯರು ಇದನ್ನು ಅವಮಾನವೆಂದು ಭಾವಿಸುವುದಿಲ್ಲ.

ನಿಮ್ಮ ಅತ್ತೆಯವರು ಸಕ್ಕರೆಯ ಮಾತ್ರೆ ತೆಗೆದುಕೊಳ್ಳುವವರಾದರೆ ಅಮೃತಬಳ್ಳಿ ಸಕ್ಕರೆಯನ್ನು ಇನ್ನಷ್ಟು ಇಳಿಸಬಹುದೆಂಬುದನ್ನು ನೆನಪಿಡಿ. ಆ ವಯಸ್ಸಿನಲ್ಲಿ ಸಕ್ಕರೆ ಇಳಿದು ಬೆಳಗಿನ ಜಾವ ಬಚ್ಚಲಲ್ಲಿ ಬಿದ್ದು ತೊಡೆ ಮುರಿದುಕೊಂಡವರನ್ನು ನಾನು ನೋಡಿದ್ದೇನೆ. ಅವರಿಗೆ ನಿತ್ಯದ ಕಷಾಯ ನಿಲ್ಲಿಸುವುದೇ ಲೇಸು. ತಂಗಿ ನಿಮ್ಮ ಒಡಹುಟ್ಟಿದವರು. ಆಟೋಇಮ್ಯೂನ್ ಪ್ರವೃತ್ತಿ ಕುಟುಂಬದಲ್ಲಿ ಹರಿಯುವಂಥದ್ದು, ಆದ್ದರಿಂದ ಅವರೂ ಈಗಲೇ ಬಿಟ್ಟು ಒಮ್ಮೆ ಎಸ್‌ಜಿಪಿಟಿ ಮತ್ತು ಥೈರಾಯ್ಡ್ ನೋಡಿಸಿಕೊಳ್ಳಲಿ. ಯಕೃತ್ತಿನ ರೋಗ, ಥೈರಾಯ್ಡ್, ಸಂಧಿವಾತ, ಸೋರಿಯಾಸಿಸ್, ಲೂಪಸ್ ಇದ್ದವರಿಗೂ ಗರ್ಭಿಣಿಯರಿಗೂ ನಾನು ಅಮೃತಬಳ್ಳಿ ಬೇಡವೆನ್ನುತ್ತೇನೆ. ಇವು ಯಾವುವೂ ಇಲ್ಲದ ಆರೋಗ್ಯವಂತರು ಜ್ವರ ಬಂದಾಗ ಬಲ್ಲವರ ಸಲಹೆಯಂತೆ ಕೆಲವು ದಿನ ಕುಡಿದು ನಿಲ್ಲಿಸಿದರೆ ನಾನು ಅಡ್ಡ ಬರುವುದಿಲ್ಲ.

ಬಳ್ಳಿಯನ್ನು ಕಡಿಯುವ ಅಗತ್ಯವಿಲ್ಲ. ಕಡಿದರೂ ಸುಲಭದಲ್ಲಿ ಹೋಗುವ ಜಾತಿಯಲ್ಲ ಅದು. ಬುಡ ಕತ್ತರಿಸಿ ಮರದ ಮೇಲೆಯೇ ಬಿಟ್ಟರೆ ಮೇಲಿನ ತುಂಡು ಹೊಸ ನೂಲುಬೇರು ಇಳಿಸಿ ಮಳೆಗಾಲದೊಳಗೆ ನೆಲ ಮುಟ್ಟುತ್ತದೆ. ಕತ್ತರಿಸಿದರೂ ಚಿಗುರುವುದೆಂದು ಅದಕ್ಕೆ ಛಿನ್ನರುಹಾ ಎಂಬ ಹೆಸರೂ ಇದೆ. ಮಾವಿನ ಮರದಲ್ಲಿ ಇರಲಿ ಬಿಡಿ. ಡಬ್ಬಿಯಲ್ಲಿ ಉಳಿದ ಗುಳಿಗೆಗಳನ್ನು ಮಾತ್ರ ಎಸೆಯದೆ, ಬ್ಯಾಚ್ ಸಂಖ್ಯೆಯಿರುವ ಚೀಟಿಯೊಡನೆ ತೆಗೆದಿಡಿ. ಆಯುಷ್ ಔಷಧಗಳ ಅಡ್ಡಪರಿಣಾಮ ದಾಖಲಿಸುವ ಸರ್ಕಾರಿ ವ್ಯವಸ್ಥೆ 2018ರಿಂದ ಇದೆ. ನಿಮ್ಮ ವೈದ್ಯರು ಅಲ್ಲಿಗೆ ವರದಿ ಮಾಡುವಾಗ ಆ ಸಂಖ್ಯೆ ಬೇಕಾಗುತ್ತದೆ. ಮುಂದಿನ ರಕ್ತಪರೀಕ್ಷೆಯನ್ನು ಈ ವಾರವೇ ಮಾಡಿಸಿ, ಐಎನ್‌ಆರ್ ಮತ್ತು ಐಜಿಜಿ ಮರೆಯದಂತೆ ಚೀಟಿಯಲ್ಲಿ ಸೇರಿಸಿಕೊಳ್ಳಿ.